ಗುಂಡಿ ಒತ್ತುವ ನಾಯಿ, ಲೆಕ್ಕ ಮಾಡುವ ಕುದುರೆ: ಉತ್ತರ ಮೊದಲೇ ಗೊತ್ತಿದ್ದುದು ಯಾರಿಗೆ?

ನೆಲಕ್ಕೆ ಹಾಸಿದ ಹಲಗೆಯ ತುಂಬ ಅಂಗೈಯಗಲದ ಪ್ಲಾಸ್ಟಿಕ್ ಗುಂಡಿಗಳು. ನಾಯಿ ಬಂದು ಮುಂಗಾಲಿನಿಂದ ಒಂದನ್ನು ಒತ್ತುತ್ತದೆ. ಮನೆಯೊಡತಿ ಮೊದಲೇ ರೆಕಾರ್ಡ್ ಮಾಡಿಟ್ಟ ದನಿಯಲ್ಲಿ ‘ಹೊರಗೆ’ ಎಂದು ಕೇಳಿಸುತ್ತದೆ. ನಾಯಿ ಒಡತಿಯ ಮುಖ ನೋಡುತ್ತದೆ, ಸ್ವಲ್ಪ ತಡೆದು ಮತ್ತೊಂದು ಗುಂಡಿ ಒತ್ತುತ್ತದೆ. ಇಂಥ ವಿಡಿಯೊಗಳು ಕೆಲವು ವರ್ಷಗಳಿಂದ ಫೋನಿನಿಂದ ಫೋನಿಗೆ ಹರಿದಾಡುತ್ತಿವೆ. ಅಮೆರಿಕದ ಬನ್ನಿ ಎಂಬ ನಾಯಿ ‘ನಾಯಿ’, ‘ಏಕೆ’ ಎಂಬ ಗುಂಡಿಗಳನ್ನು ಒತ್ತಿದಾಗ, ತಾನೇಕೆ ನಾಯಿಯಾಗಿದ್ದೇನೆ ಎಂದು ಅದು ಕೇಳುತ್ತಿದೆ ಅಂತ ನಂಬಿದವರು ಲಕ್ಷಗಟ್ಟಲೆ. ವೇದಾಂತಿ ನಾಯಿ ಎಂದು ಕೈ ಮುಗಿದವರೂ ಇದ್ದಾರು.

ನಂಬದವರೂ ಅಷ್ಟೇ ಜನ. ಇವರಿಬ್ಬರ ನಡುವೆ ಓದುಗರು ಗಲಿಬಿಲಿಗೊಂಡಿದ್ದಾರೆ. ಒಂದು ದಿನ ‘ನಾಯಿಗೆ ಪದದ ಅರ್ಥ ಗೊತ್ತು, ವಿಜ್ಞಾನಿಗಳ ಸಾಬೀತು’ ಎಂಬ ಸುದ್ದಿ. ಮರುವಾರ ‘ಅದೆಲ್ಲ ಬರಿ ತರಬೇತಿಯ ಆಟ’ ಎಂಬ ಇನ್ನೊಂದು. ಇದರ ಬೆನ್ನಿಗೆ ಡಾಲ್ಫಿನ್ ಮಾತನ್ನು ಬಿಡಿಸುವ ಕೃತಕ ಬುದ್ಧಿಮತ್ತೆ, ಬೆಕ್ಕಿನ ಮಿಯಾಂವ್ ಅನುವಾದಿಸುವ ಪೇಟೆಂಟ್ ಅರ್ಜಿ. ಯಾವುದನ್ನು ನಂಬುವುದು, ಎಷ್ಟು ನಂಬುವುದು?

ಒಂದೇ ಅಧ್ಯಯನ, ಎರಡು ತಲೆಬರಹ

ಮೊದಲು ಅಧ್ಯಯನಗಳು ನಿಜಕ್ಕೂ ಹೇಳಿದ್ದೇನು ಅಂತ ನೋಡೋಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರದಲ್ಲಿ ಫೆಡೆರಿಕೊ ರೊಸಾನೊ ಅವರ ತಂಡ 2024ರಲ್ಲಿ ಎರಡು ಪ್ರಬಂಧ ಪ್ರಕಟಿಸಿತು. ಆಗಸ್ಟಿನಲ್ಲಿ ಬಂದ ಮೊದಲನೆಯದರಲ್ಲಿ 59 ನಾಯಿಗಳಿದ್ದವು. ಇಲ್ಲಿ ಗುಂಡಿ ಒತ್ತಿದ್ದು ನಾಯಿಯಲ್ಲ, ಮನುಷ್ಯ. ‘ಆಟ’ ಅಥವಾ ‘ಹೊರಗೆ’ ಎಂಬ ಪದ ಕೇಳಿಸಿದಾಗ ನಾಯಿ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆಯೇ ಎಂಬುದಷ್ಟೇ ಪರೀಕ್ಷೆ. ನಡೆದುಕೊಂಡವು. ಪದವನ್ನು ಬಾಯಲ್ಲಿ ಹೇಳಿದರೂ ಸರಿ, ಗುಂಡಿಯಿಂದ ಕೇಳಿಸಿದರೂ ಸರಿ. ಮನೆಯವರು ಒತ್ತಿದರೂ ಸರಿ, ಹೊರಗಿನವರು ಒತ್ತಿದರೂ ಸರಿ. ಅಂದರೆ ನಾಯಿಗೆ ಕೆಲವು ಪದಗಳ ಸದ್ದು ಯಾವುದಕ್ಕೆ ಸಂಬಂಧಿಸಿದ್ದು ಎಂಬುದು ಗೊತ್ತು. ನಾಯಿ ಸಾಕಿದ ಯಾರಿಗೂ ಇದು ಹೊಸ ಸಂಗತಿಯೇನಲ್ಲ.

ಡಿಸೆಂಬರಿನಲ್ಲಿ ಬಂದ ಎರಡನೆಯದು ದೊಡ್ಡದು. 152 ನಾಯಿಗಳು, 21 ತಿಂಗಳು, 2,60,000ಕ್ಕೂ ಹೆಚ್ಚು ಒತ್ತುಗಳು. ‘ಹೊರಗೆ’ ಮತ್ತು ‘ಶೌಚ’, ‘ಊಟ’ ಮತ್ತು ‘ನೀರು’ ಇಂಥ ಜೋಡಿಗಳು ಬೇಕಾಬಿಟ್ಟಿ ಒತ್ತಿದರೆ ಬರಬಹುದಾದ್ದಕ್ಕಿಂತ ಹೆಚ್ಚು ಸಲ ಬಂದಿವೆ, ಮನೆಯವರ ಒತ್ತುಗಳ ನಕಲಿನಂತೆಯೂ ಕಾಣುವುದಿಲ್ಲ ಎಂಬುದು ತೀರ್ಮಾನ. ಇಲ್ಲಿಗೆ ನಿಂತಿದ್ದರೆ ತಕರಾರಿರಲಿಲ್ಲ. ಆದರೆ ಬೇಕಾಬಿಟ್ಟಿ ಒತ್ತಿದ್ದಲ್ಲ ಎಂಬ ಮಾತು ಪತ್ರಿಕೆಗೆ ಬರುವ ಹೊತ್ತಿಗೆ ‘ವಾಕ್ಯ ರಚಿಸುತ್ತದೆ’ ಎಂದಾಯಿತು. ಒತ್ತುಗಳ ಲೆಕ್ಕ ಮನೆಯಿಂದ ಆಪ್ ಮೂಲಕ ಬಂದದ್ದು. ನಾಯಿ ಒತ್ತಿದಾಗ ಮನೆಯವರು ಏನು ಮಾಡುತ್ತಿದ್ದರು, ಎಲ್ಲಿ ನಿಂತಿದ್ದರು, ಎತ್ತ ನೋಡುತ್ತಿದ್ದರು ಎಂಬುದು ಆ ಲೆಕ್ಕದಲ್ಲಿ ಇಲ್ಲ.

ಸಂಶಯವಾದಿಗಳು ಬೆರಳಿಡುವುದು ಇಲ್ಲೇ. ಅವರು ಹೀಗೆ ಅನುಮಾನಪಡಲು ನೂರಿಪ್ಪತ್ತು ವರ್ಷ ಹಳೆಯ ಕಾರಣವೊಂದಿದೆ. ಆ ಕಾರಣ ಒಂದು ಕುದುರೆ.

ಬರ್ಲಿನ್ ಅಂಗಳದ ಪಾಠಶಾಲೆ

ವಿಲ್ಹೆಲ್ಮ್ ಫಾನ್ ಓಸ್ಟನ್ ಬರ್ಲಿನ್ನಿನಲ್ಲಿದ್ದ ನಿವೃತ್ತ ಗಣಿತದ ಮೇಷ್ಟರು. ಪ್ರಾಣಿಗಳಿಗೆ ಬುದ್ಧಿಯಿಲ್ಲ ಎನ್ನುವುದು ತಪ್ಪು, ಅವಕ್ಕೆ ಸರಿಯಾದ ಶಿಕ್ಷಣ ಸಿಕ್ಕಿಲ್ಲ ಅಷ್ಟೇ ಎಂಬುದು ಅವರ ನಂಬಿಕೆ. ತಮ್ಮ ಕುದುರೆ ಹಾನ್ಸ್‌ನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, ಕರಿಹಲಗೆ, ಮಣಿಚೌಕಟ್ಟು ಇಟ್ಟುಕೊಂಡು ವರ್ಷಗಟ್ಟಲೆ ಪಾಠ ಹೇಳಿದರು. ಸರಿ ಉತ್ತರಕ್ಕೆ ಬ್ರೆಡ್ಡಿನ ತುಂಡು, ಕ್ಯಾರೆಟ್. ಕುದುರೆ ಬಲ ಮುಂಗಾಲಿನ ಗೊರಸು ನೆಲಕ್ಕೆ ತಟ್ಟಿ ಉತ್ತರ ಹೇಳುತ್ತಿತ್ತು. ಕೂಡಿಸು, ಕಳೆ, ಗುಣಿಸು, ಭಾಗಿಸು, ಭಿನ್ನರಾಶಿ. ಗಡಿಯಾರ ನೋಡಿ ಗಂಟೆ ಹೇಳುವುದು. ಅಕ್ಷರಗಳಿಗೆ ಕೊಟ್ಟ ಸಂಖ್ಯೆಯ ಪ್ರಕಾರ ಹೆಸರು ಬರೆಸುವುದು. ತಿಂಗಳ ಎಂಟನೇ ತಾರೀಕು ಮಂಗಳವಾರವಾದರೆ ಅದೇ ವಾರದ ಶುಕ್ರವಾರ ಯಾವ ತಾರೀಕು ಎಂದರೆ ಹನ್ನೊಂದು ಸಲ ಗೊರಸಿನ ಸದ್ದು.

ಮೇಷ್ಟರು ಟಿಕೆಟ್ ಇಟ್ಟಿರಲಿಲ್ಲ. ಕಥೆಯಲ್ಲಿ ಇದು ಮುಖ್ಯ, ಯಾಕೆಂದರೆ ಮೋಸಕ್ಕೆ ಸಿಗುವ ಮೊದಲ ಕಾರಣ ದುಡ್ಡು. ಜನ ಬಿಟ್ಟಿಯಾಗಿ ಬಂದರು, ನೋಡಿ ಬೆರಗಾದರು. ಗಲಾಟೆ ಜೋರಾದಾಗ 1904ರ ಸೆಪ್ಟೆಂಬರಿನಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಸ್ಟುಂಫ್ ಅವರ ಮುಂದಾಳ್ತನದಲ್ಲಿ 13 ಜನರ ಸಮಿತಿ ಕೂತಿತು. ಪಶುವೈದ್ಯರು, ಶಾಲಾ ಮೇಷ್ಟರು, ಮೃಗಾಲಯದವರು, ಅಷ್ಟೇಕೆ, ಸರ್ಕಸ್ ಯಜಮಾನರೂ ಅದರಲ್ಲಿದ್ದರು. ಕುದುರೆಗೆ ಕದ್ದು ಸನ್ನೆ ಮಾಡುವುದು ಹೇಗೆಂದು ಸರ್ಕಸ್ಸಿನವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಮಿತಿ ಎಷ್ಟು ಹುಡುಕಿದರೂ ಕೈಚಳಕ ಸಿಗಲಿಲ್ಲ. ಮೇಷ್ಟರು ಅಂಗಳದಲ್ಲಿ ಇಲ್ಲದಾಗ, ಬೇರೆಯವರು ಪ್ರಶ್ನೆ ಕೇಳಿದಾಗಲೂ ಹಾನ್ಸ್ ಸರಿಯುತ್ತರ ಕೊಡುತ್ತಿತ್ತು. ‘ಮೋಸ ಕಂಡುಬಂದಿಲ್ಲ’ ಎಂದು ಸಮಿತಿ ಬರೆಯಿತು. ‘ಹಾಗಾದರೆ ಕುದುರೆಗೆ ಲೆಕ್ಕ ಬರುತ್ತದೆ’ ಎಂದು ಊರು ಓದಿಕೊಂಡಿತು. 2024ರ ತಲೆಬರಹಗಳಲ್ಲಿ ಆದದ್ದೂ ಇದೇ.

ಕಣ್ಣಿಗೆ ಪಟ್ಟಿ ಕಟ್ಟಿದ ದಿನ

ಸ್ಟುಂಫ್ ಅವರ ಶಿಷ್ಯ ಆಸ್ಕರ್ ಫುಂಗ್ಸ್ಟ್ ಬೇರೆ ದಾರಿ ಹಿಡಿದ. ಮೋಸ ಹುಡುಕುವುದನ್ನು ಬಿಟ್ಟು, ಯಾವ ಸ್ಥಿತಿಯಲ್ಲಿ ಕುದುರೆ ಸೋಲುತ್ತದೆ ಎಂದು ಹುಡುಕಿದ. ಜಟಕಾ ಕುದುರೆಗೆ ಕಟ್ಟುವಂಥ ಕಣ್ಣುಪಟ್ಟಿ ಕಟ್ಟಿ, ಪ್ರಶ್ನೆ ಕೇಳುವವರು ಕಾಣದಂತೆ ಮಾಡಿದ. ಉತ್ತರ ತಪ್ಪತೊಡಗಿತು. ಕೇಳುವವರನ್ನು ದೂರ ನಿಲ್ಲಿಸಿದಷ್ಟೂ ತಪ್ಪು ಹೆಚ್ಚಾಯಿತು. ಆಮೇಲೆ ನಿರ್ಣಾಯಕ ಪರೀಕ್ಷೆ: ಉತ್ತರ ಏನೆಂದು ಕೇಳುವವರಿಗೇ ಗೊತ್ತಿಲ್ಲದಂತೆ ಪ್ರಶ್ನೆ ಹಾಕಿಸಿದ. ಮೇಷ್ಟರಿಗೆ ಉತ್ತರ ಗೊತ್ತಿದ್ದಾಗ ಕುದುರೆ ನೂರಕ್ಕೆ 89 ಸಲ ಸರಿ. ಅವರಿಗೆ ಗೊತ್ತಿಲ್ಲದಿದ್ದಾಗ ನೂರಕ್ಕೆ 6.

ಇನ್ನು ಉಳಿದದ್ದು, ಉತ್ತರ ಮನುಷ್ಯನಿಂದ ಕುದುರೆಗೆ ಹೇಗೆ ದಾಟುತ್ತಿತ್ತು ಎಂಬುದು. ಫುಂಗ್ಸ್ಟ್ ಕುದುರೆಯನ್ನು ಬಿಟ್ಟು ಮನುಷ್ಯರನ್ನು ದಿಟ್ಟಿಸಲು ಶುರುಮಾಡಿದ. ಪ್ರಶ್ನೆ ಕೇಳಿದವರು ಗೊರಸು ನೋಡಲು ತಮಗರಿವಿಲ್ಲದೆ ಸ್ವಲ್ಪ ಮುಂದಕ್ಕೆ ಬಾಗುತ್ತಾರೆ. ಆ ಬಾಗುವಿಕೆಯೇ ‘ತಟ್ಟಲು ಶುರುಮಾಡು’ ಎಂಬ ಸೂಚನೆ. ಏಳು ಉತ್ತರವಾಗಿದ್ದರೆ ಐದು, ಆರು ಆಗುವಾಗ ಕೇಳಿದವರ ಮೈ ಬಿಗಿಯುತ್ತದೆ. ಏಳಾಗುತ್ತಲೇ ಬಿಗಿ ಸಡಿಲಿ ತಲೆ ಕೂದಲೆಳೆಯಷ್ಟು ಮೇಲೇಳುತ್ತದೆ, ಹುಬ್ಬು ಏರುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ. ಕುದುರೆ ನಿಲ್ಲಿಸುತ್ತದೆ. ಪ್ರಶ್ನೆಯನ್ನೇ ಕೇಳದೆ ಸುಮ್ಮನೆ ಬಾಗಿ ನಿಂತು, ಬೇಕಾದಲ್ಲಿ ತಲೆಯೆತ್ತಿ, ಬೇಕಾದ ಸಂಖ್ಯೆ ತಟ್ಟಿಸಬಹುದೆಂದು ಫುಂಗ್ಸ್ಟ್ ತೋರಿಸಿದ. ಈ ಮಧ್ಯೆ ಕುದುರೆ ಅವನನ್ನು ಆಗಾಗ ಕಚ್ಚುತ್ತಿತ್ತು ಎಂಬುದು ಬೇರೆ ಮಾತು.

ಅವನು ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಅವನ ದೊಡ್ಡತನ. ಪ್ರಯೋಗಾಲಯದಲ್ಲಿ ತಾನೇ ಕುದುರೆಯಾದ. ಎದುರಿಗೆ ಒಬ್ಬರನ್ನು ನಿಲ್ಲಿಸಿ, ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳಿ ಎಂದು, ತನ್ನ ಕೈಯಿಂದ ಮೇಜು ತಟ್ಟುತ್ತಾ ಅವರ ತಲೆ ಯಾವಾಗ ಅಲುಗುತ್ತದೆಂದು ನೋಡುತ್ತಿದ್ದ. 25 ಜನರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಅದೇ ಸನ್ನೆ ಬಿಟ್ಟುಕೊಟ್ಟರು. ತಾವು ಅಲುಗಿದ್ದು ಅವರಿಗೇ ಗೊತ್ತಿರಲಿಲ್ಲ. ಗುಟ್ಟು ಗೊತ್ತಾದ ಮೇಲೆ ಕುದುರೆಯ ಮುಂದೆ ಆ ಸನ್ನೆ ತಡೆಯಲು ಸ್ವತಃ ಫುಂಗ್ಸ್ಟ್‌ಗೂ ಆಗಲಿಲ್ಲ.

ಕಾರ್ಯಕಾರಣವನ್ನು ಹೀಗೆ ಜೋಡಿಸಬಹುದು. ಮೇಷ್ಟರು ಕಲಿಸಿದ್ದು ಗಣಿತ. ಕ್ಯಾರೆಟ್ ಸಿಗುತ್ತಿದ್ದುದು ಸರಿಯಾದ ಜಾಗದಲ್ಲಿ ತಟ್ಟುವುದನ್ನು ನಿಲ್ಲಿಸಿದ್ದಕ್ಕೆ. ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯಲು ಕುದುರೆಗೆ ಎರಡು ದಾರಿಯಿದ್ದವು: ಲೆಕ್ಕ ಕಲಿಯುವುದು, ಇಲ್ಲವೇ ಮೇಷ್ಟರ ಕತ್ತನ್ನು ಕಲಿಯುವುದು. ಸುಲಭವಾದದ್ದನ್ನು ಅದು ಕಲಿಯಿತು. ತಪ್ಪು ಕುದುರೆಯದೂ ಅಲ್ಲ, ಮೇಷ್ಟರದೂ ಅಲ್ಲ. ಒಂದರಿಂದ ಇನ್ನೊಂದನ್ನು ಬೇರ್ಪಡಿಸದ ಪರೀಕ್ಷೆಯದು. ಮೇಷ್ಟರು ಮಾತ್ರ ಇದನ್ನು ಒಪ್ಪಲೇ ಇಲ್ಲ. 1909ರಲ್ಲಿ ತೀರಿಕೊಂಡರು. ಹಾನ್ಸ್ ಎಲ್ಬರ್‌ಫೆಲ್ಡಿನ ಆಭರಣ ವ್ಯಾಪಾರಿ ಕಾರ್ಲ್ ಕ್ರಾಲ್ ಕೈಗೆ ಹೋಯಿತು. ಮೊದಲ ಮಹಾಯುದ್ಧ ಕುದುರೆಗಳನ್ನೂ ರಣರಂಗಕ್ಕೆ ಎಳೆದುಕೊಂಡಿತು. 1916ರ ನಂತರ ಅದರ ಸುಳಿವಿಲ್ಲ.

ಕೋಲೆಬಸವನ ಗುಟ್ಟು ಕನ್ನಡಕ್ಕೆ ಗೊತ್ತಿತ್ತು

ಬರ್ಲಿನ್ ಪಂಡಿತರು ತಲೆ ಕೆಡಿಸಿಕೊಂಡ ವಿದ್ಯೆ ನಮ್ಮ ಹಳ್ಳಿಗಳಲ್ಲಿ ಮನೆ ಬಾಗಿಲಿಗೇ ಬರುತ್ತಿತ್ತು. ಬೆನ್ನ ಮೇಲೆ ಬಣ್ಣದ ಜೂಲು, ಕೊರಳಲ್ಲಿ ಗೆಜ್ಜೆ, ಕೋಡಿಗೆ ಅಲಂಕಾರ ಮಾಡಿದ ಕೋಲೆಬಸವ. ‘ಈ ತಾಯಿ ಮನೆ ತಣ್ಣಗಿರ್ತದಾ ಬಸವಣ್ಣಾ?’ ಎಂದರೆ ತಲೆಯಾಡಿಸುತ್ತಾನೆ. ‘ಹಾಗಾದ್ರೆ ಈ ಅವ್ವ ಹಳೇ ಸೀರೆ ಕೊಡ್ತಾಳಾ?’ ಅದಕ್ಕೂ ಹೂಂ. ರಾಮ-ಸೀತೆಯ ಮದುವೆ ಆಟದಲ್ಲಿ ಮುನಿಸಿಕೊಳ್ಳುತ್ತಾನೆ, ರಾಜಿಯಾಗುತ್ತಾನೆ. ಆಡಿಸುವವನ ದನಿಯ ಏರಿಳಿತ, ಕೈಯ ಹಗ್ಗ, ನಿಂತ ಭಂಗಿ ಇವೇ ಅವನಿಗೆ ಅಕ್ಷರ.

‘ಕೋಲೆಬಸವನ ಹಾಗೆ ತಲೆಯಾಡಿಸಬೇಡ’ ಎಂದು ನಾವು ಬೈಯುವುದು ಏನೂ ಯೋಚಿಸದೆ ಎಲ್ಲದಕ್ಕೂ ಹೂಂಗುಡುವವನನ್ನು. ಬಸವ ಭವಿಷ್ಯ ಹೇಳುವುದಿಲ್ಲ, ಆಡಿಸುವವನಿಗೆ ಬೇಕಾದ್ದನ್ನು ಹೇಳುತ್ತಾನೆ ಎಂಬ ತಿಳಿವಳಿಕೆ ಈ ಮಾತಿನೊಳಗೇ ಇದೆ. ತಿಳಿದೂ ಕೈ ಮುಗಿದು, ಮೊರದಲ್ಲಿ ಅಕ್ಕಿ ತಂದು ಹಾಕುತ್ತಿದ್ದರು. ಗಿಣಿಶಾಸ್ತ್ರದವನ ಗಿಣಿಗೆ ಓದು ಬರುತ್ತದೆಂದು ಯಾರೂ ಆಣೆ ಇಡುತ್ತಿರಲಿಲ್ಲ. ಆಟವನ್ನು ಆಟವಾಗಿ ನೋಡುವವರಿಗೆ ಮೋಸ ಹೋಗುವ ಭಯ ಕಡಿಮೆ. ಅದೇ ಆಟ ಪ್ರಯೋಗಾಲಯದ ಬಿಳಿ ಕೋಟು ಹಾಕಿಕೊಂಡು ಬಂದಾಗ ತೊಂದರೆ ಶುರುವಾಗುತ್ತದೆ.

ಸನ್ನೆ ಮಾಡಿದ ವಾನರರು

1970ರ ದಶಕದ ಅಮೆರಿಕದಲ್ಲಿ ಆದದ್ದು ಅದೇ. ಕೊಲಂಬಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಟೆರೇಸ್ ನಿಮ್ ಎಂಬ ಚಿಂಪಾಂಜಿ ಮರಿಯನ್ನು ಮನುಷ್ಯರ ನಡುವೆ ಬೆಳೆಸಿ ಸನ್ನೆಭಾಷೆ ಕಲಿಸಿದರು. ಅದು ಸುಮಾರು 125 ಸನ್ನೆ ಕಲಿಯಿತು. ವಾಕ್ಯ ರಚಿಸುತ್ತದೆ ಎಂದು ಟೆರೇಸ್ ಕೂಡ ಮೊದಲು ನಂಬಿದ್ದರು. ಆಮೇಲೆ ವಿಡಿಯೊಗಳನ್ನು ನಿಧಾನಗತಿಯಲ್ಲಿ ಓಡಿಸಿ ನೋಡಿದಾಗ ಕಂಡದ್ದು ಬೇರೆ: ನಿಮ್ ಮಾಡಿದ ಸನ್ನೆಗಳಲ್ಲಿ ಬಹಳಷ್ಟು, ಎದುರಿಗಿದ್ದ ಗುರು ಒಂದೆರಡು ಕ್ಷಣ ಮೊದಲು ಮಾಡಿದ್ದರ ಪ್ರತಿಧ್ವನಿ. ಅದರ ಅತಿ ಉದ್ದದ ‘ವಾಕ್ಯ’ 16 ಸನ್ನೆಗಳದು. ಕನ್ನಡಕ್ಕೆ ತಂದರೆ ‘ಕೊಡು ಕಿತ್ತಳೆ ನನಗೆ ಕೊಡು ತಿನ್ನು ಕಿತ್ತಳೆ’ ಎಂಬುದರ ಎಳೆತ. ಉದ್ದ ಬೆಳೆದರೂ ಅರ್ಥ ಬೆಳೆಯಲಿಲ್ಲ. 1979ರಲ್ಲಿ ಟೆರೇಸ್ ತಮ್ಮದೇ ಪ್ರಯೋಗವನ್ನು ತಾವೇ ಬೀಳಿಸಿ ಪ್ರಬಂಧ ಬರೆದರು. ಅಂಥ ಎದೆಗಾರಿಕೆ ವಿಜ್ಞಾನದಲ್ಲೂ ಅಪರೂಪ.

ಗೊರಿಲ್ಲಾ ಕೊಕೊ ವಿಷಯದಲ್ಲಿ ಹಾಗಾಗಲಿಲ್ಲ. 1971ರಿಂದ 2018ರವರೆಗೆ ಬದುಕಿದ್ದ ಆಕೆಗೆ ಸಾವಿರ ಸನ್ನೆ ಗೊತ್ತೆಂದು ಪಾಲಕಿ ಫ್ರಾನ್ಸೀನ್ ಪ್ಯಾಟರ್ಸನ್ ಹೇಳುತ್ತಿದ್ದರು. ಕೊಕೊ ಸಂದರ್ಭಕ್ಕೆ ಹೊಂದದ ಸನ್ನೆ ಮಾಡಿದರೆ ಅದು ತಮಾಷೆ, ಇಲ್ಲವೇ ಪ್ರಾಸ ಎಂಬ ವಿವರಣೆ ಸಿದ್ಧವಿರುತ್ತಿತ್ತು. ಸರಿಯಾದರೆ ಜಾಣತನ, ತಪ್ಪಾದರೆ ಹಾಸ್ಯ. ಹೀಗೆ ಅಂಕ ಕೊಟ್ಟರೆ ಯಾರೂ ನಪಾಸಾಗುವುದಿಲ್ಲ. ಕೊಕೊಗೆ ಏನೂ ಗೊತ್ತಿರಲಿಲ್ಲ ಎಂದು ಇದರ ಅರ್ಥವಲ್ಲ. ಎಷ್ಟು ಗೊತ್ತಿತ್ತು ಎಂದು ಅಳೆಯುವ ದಾರಿ ಮುಚ್ಚಿಹೋಯಿತು, ಅಷ್ಟೇ.

ಸೋಲಿನ ಬೆಲೆ ತೆತ್ತದ್ದು ಮಾತ್ರ ನಿಮ್. ಪ್ರಯೋಗ ಮುಗಿದ ಮೇಲೆ ಮನೆಯಲ್ಲಿ ಬಟ್ಟೆ ತೊಟ್ಟು ಬೆಳೆದ ಪ್ರಾಣಿ ಪಂಜರಕ್ಕೆ ಮರಳಿತು. ಕೆಲಕಾಲ ವೈದ್ಯಕೀಯ ಪ್ರಯೋಗಾಲಯದಲ್ಲೂ ಇತ್ತು. ಕೊನೆಗೆ ಟೆಕ್ಸಾಸಿನ ಪ್ರಾಣಿಧಾಮ ಸೇರಿ 2000ದಲ್ಲಿ ಸತ್ತಿತು.

ಪರೀಕ್ಷೆ ಗೆದ್ದವರು

ಹಾಗಂತ ಎಲ್ಲವೂ ಕತ್ತಿನ ಸನ್ನೆಯೇ ಎಂದು ಕೈ ತೊಳೆದುಕೊಳ್ಳುವುದೂ ಸೋಮಾರಿತನ. ಹಾನ್ಸ್ ಪಾಠವನ್ನು ಮನಸ್ಸಿಗೆ ಹಚ್ಚಿಕೊಂಡು ಕಟ್ಟಿದ ಪರೀಕ್ಷೆಗಳಲ್ಲಿ ಗೆದ್ದ ಪ್ರಾಣಿಗಳಿವೆ.

ದಕ್ಷಿಣ ಕೆರೊಲಿನಾದ ಚೇಸರ್ ಎಂಬ ಬಾರ್ಡರ್ ಕಾಲಿ ತಳಿಯ ನಾಯಿಗೆ 1,022 ಆಟಿಕೆಗಳ ಹೆಸರು ಗೊತ್ತಿತ್ತು ಎಂದು 2011ರಲ್ಲಿ ಪ್ರಬಂಧ ಬಂತು. ಪರೀಕ್ಷೆಯಲ್ಲಿ ಆಟಿಕೆಗಳು ಹೆಸರು ಕೂಗುವವರ ಕಣ್ಣಿಗೆ ಬೀಳದ ಜಾಗದಲ್ಲಿರುತ್ತಿದ್ದವು. ನಾಯಿ ಒಬ್ಬಂಟಿಯಾಗಿ ಹೋಗಿ ತರಬೇಕು. ಅಲ್ಲಿ ಯಾರ ಹುಬ್ಬೂ ಇಲ್ಲ. ಅದಕ್ಕೂ ಮೊದಲು, 2004ರಲ್ಲಿ, ಜರ್ಮನಿಯ ರಿಕೊ ಎಂಬ ನಾಯಿ ಇನ್ನೂ ಸೊಗಸಾದ ಕೆಲಸ ಮಾಡಿತ್ತು. ಗೊತ್ತಿರುವ ಆಟಿಕೆಗಳ ನಡುವೆ ಒಂದು ಹೊಸದನ್ನಿಟ್ಟು ಹೊಸ ಹೆಸರು ಹೇಳಿದರೆ, ಹೊಸ ಹೆಸರು ಹೊಸ ವಸ್ತುವಿನದೇ ಇರಬೇಕೆಂದು ಅದನ್ನೇ ಕಚ್ಚಿ ತರುತ್ತಿತ್ತು.

ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಸಾಕುಪ್ರಾಣಿ ಅಂಗಡಿಯಿಂದ ತಂದ ಬೂದು ಗಿಣಿ ಅಲೆಕ್ಸ್ 2007ರಲ್ಲಿ ಸಾಯುವವರೆಗೆ ಇದೇ ಅನುಮಾನಕ್ಕೆ ಉತ್ತರ ಕೊಡುತ್ತಲೇ ಇತ್ತು. ತಟ್ಟೆಯಲ್ಲಿ ಬಣ್ಣಬಣ್ಣದ ವಸ್ತು ಇಟ್ಟು ‘ಇವೆರಡರ ನಡುವೆ ಏನು ಬೇರೆ?’ ಎಂದು ಕೇಳುವವರು ಒಬ್ಬರು. ಗಿಣಿಗೆ ಬೆನ್ನು ತಿರುಗಿಸಿ ಕೂತು, ತಟ್ಟೆ ನೋಡದೆ, ಕೇಳಿಸಿದ್ದನ್ನಷ್ಟೇ ಹೇಳುವವರು ಇನ್ನೊಬ್ಬರು. ಬಣ್ಣ, ಆಕಾರ, ಆರರವರೆಗಿನ ಎಣಿಕೆ, ‘ಒಂದೇ’ ಮತ್ತು ‘ಬೇರೆ’ ಎಂಬ ಭೇದ ಇವು ಅಲೆಕ್ಸ್‌ಗೆ ಗೊತ್ತಿದ್ದವು.

ಮೂರು ಪಾಳಯ

ಈಗಿನ ಜಗಳದಲ್ಲಿ ಮೂರು ನಿಲುವು ಕೇಳುತ್ತಿವೆ. ಪ್ರಾಣಿಗಳಿಗೆ ಭಾಷೆಯಿದೆ, ನಮಗೆ ಕೇಳುವ ತಾಳ್ಮೆಯಿಲ್ಲ ಎನ್ನುವವರು ಮೊದಲನೆಯವರು. ಬಹುಮಾನಕ್ಕೆ ಒತ್ತುವುದು ಬಿಟ್ಟರೆ ಬೇರೇನೂ ಇಲ್ಲ ಎನ್ನುವವರು ಎರಡನೆಯವರು. ಇಬ್ಬರೂ ಮನುಷ್ಯನ ಮಾತನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ ಎಂಬುದು ಮೂರನೆಯವರ ತಕರಾರು, ನನಗೆ ಸರಿಯೆನಿಸುವುದೂ ಇದೇ. ಹದಿಮೂರು ಜನ ಪಂಡಿತರು ಎದುರಿಗೇ ನಿಂತು ಕಾಣದ ಅಲುಗಾಟವನ್ನು ಒಂದು ಕುದುರೆ ಕಂಡಿತು, ಅದೂ ಅಪರಿಚಿತರ ಮುಖದಲ್ಲಿ. ಅದು ಕೂಡಿಸುವ ಲೆಕ್ಕಕ್ಕಿಂತ ಕಡಿಮೆಯ ವಿದ್ಯೆಯೇ? ಲೆಕ್ಕ ಬರುವುದಿಲ್ಲ ಎಂದು ಗೊತ್ತಾದ ದಿನವೇ ಊರು ಕುದುರೆಯನ್ನು ಮರೆತದ್ದು, ನಾವು ಪ್ರಾಣಿಗಳಲ್ಲಿ ಹುಡುಕುವುದು ನಮ್ಮನ್ನೇ ಎಂಬುದಕ್ಕೆ ಸಾಕ್ಷಿ.

ಕಾನೂನು ಕೇಳುವ ಪ್ರಶ್ನೆ ಪೂರ್ತಿ ಬೇರೆ. ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೀದಿಯಲ್ಲಿ ಕುಣಿಯುತ್ತಿದ್ದ ಕರಡಿಗಳಲ್ಲಿ ಹಲವು ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ಸೇರಿದವು. ಕರಡಿಗೆ ತಾಳಜ್ಞಾನ ಇದೆಯೇ ಎಂದು ಯಾರೂ ವಿಚಾರಿಸಲಿಲ್ಲ. ಮೂಗಿಗೆ ತೂತು ಕೊರೆದು ಹಗ್ಗ ಹಾಕಿದ್ದು ಕಂಡರೆ ಸಾಕಿತ್ತು.

ಪೊಲೀಸ್ ನಾಯಿ ಮೂಸಿದ್ದು ಯಾರ ಅನುಮಾನವನ್ನು?

ಇದೆಲ್ಲ ಮನರಂಜನೆಯ ವಿಷಯ, ನಾಯಿ ಮಾತಾಡಿದರೆಷ್ಟು ಬಿಟ್ಟರೆಷ್ಟು ಎನ್ನಬಹುದು. ಆದರೆ ಅದೇ ನಾಯಿಯ ‘ಮಾತು’ ನಂಬಿ ಮನುಷ್ಯರನ್ನು ಹಿಡಿದು ತಡಕುವ ಜಾಗವೂ ಇದೆ.

2011ರಲ್ಲಿ ಕ್ಯಾಲಿಫೋರ್ನಿಯಾದ ಲಿಸಾ ಲಿಟ್ ಮತ್ತು ಸಂಗಡಿಗರು ಮಾದಕವಸ್ತು, ಸ್ಫೋಟಕ ಪತ್ತೆಹಚ್ಚುವ 18 ನಾಯಿ-ನಿರ್ವಾಹಕ ಜೋಡಿಗಳನ್ನು ಒಂದು ಚರ್ಚಿನ ಕೋಣೆಗಳಿಗೆ ಕಳಿಸಿದರು. ಇಲ್ಲಿ ವಾಸನೆ ಇಟ್ಟಿರಬಹುದು, ಕೆಲವೆಡೆ ಕೆಂಪು ಕಾಗದದ ಗುರುತು ಹಾಕಿದೆ ಎಂದು ನಿರ್ವಾಹಕರಿಗೆ ಹೇಳಿದ್ದರು. ನಿಜವಾಗಿ ಎಲ್ಲೂ ಏನನ್ನೂ ಇಟ್ಟಿರಲಿಲ್ಲ. ನಾಯಿಯನ್ನು ಸೆಳೆಯಲು ಕೆಲವೆಡೆ ಮಾಂಸದ ಸಾಸೇಜ್ ಅಡಗಿಸಿದ್ದರು. ಮನುಷ್ಯನನ್ನು ಸೆಳೆಯಲು ಕೆಂಪು ಕಾಗದ. 144 ಸುತ್ತುಗಳಲ್ಲಿ ‘ಇಲ್ಲಿದೆ’ ಎಂಬ ಸುಳ್ಳು ಸೂಚನೆ 225. ಅವು ಹೆಚ್ಚಾಗಿ ಬಿದ್ದದ್ದು ಸಾಸೇಜ್ ಇದ್ದಲ್ಲಿ ಅಲ್ಲ, ಕೆಂಪು ಕಾಗದ ಇದ್ದಲ್ಲಿ. ನಾಯಿಗೆ ಕಾಗದದ ಅರ್ಥ ಗೊತ್ತಿಲ್ಲ. ಅರ್ಥ ಗೊತ್ತಿದ್ದವನು ಹಗ್ಗದ ಇನ್ನೊಂದು ತುದಿಯಲ್ಲಿದ್ದ.

ಅವನು ನಿಂತಿರಬಹುದು, ನಿಧಾನಿಸಿರಬಹುದು, ಉಸಿರು ಹಿಡಿದಿರಬಹುದು. ಅಥವಾ ನಾಯಿ ಸುಮ್ಮನೆ ಮೂಸಿದ್ದನ್ನೇ ಸೂಚನೆಯೆಂದು ಓದಿರಬಹುದು. ಎರಡೂ ಸಾಧ್ಯ, ಪರಿಣಾಮ ಒಂದೇ: ನಿರ್ವಾಹಕನಿಗೆ ಯಾರ ಮೇಲೆ ಮೊದಲೇ ಅನುಮಾನವಿದೆಯೋ ಅವರ ಎದುರು ನಾಯಿ ಕೂರುತ್ತದೆ. ಆಮೇಲೆ ಆ ಅನುಮಾನ ‘ವೈಜ್ಞಾನಿಕ ಪುರಾವೆ’ಯ ವೇಷ ತೊಡುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ನಾಯಿ ಸೂಚಿಸಿ ಪೊಲೀಸರು ತಡಕಿದವರಲ್ಲಿ ನಾಲ್ಕರಲ್ಲೊಂದು ಪಾಲಿನವರ ಬಳಿ ಮಾತ್ರ ಮಾದಕವಸ್ತು ಸಿಕ್ಕಿತ್ತೆಂದು ಅಲ್ಲಿನ ಒಂಬುಡ್ಸ್‌ಮನ್ (ಸರ್ಕಾರಿ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ವರದಿ 2006ರಲ್ಲಿ ಹೇಳಿತು.

ಈ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮೊದಲಿನಿಂದ ಹುಷಾರು. 1969ರ ದಫೇದಾರ್ ಪ್ರಕರಣದಲ್ಲೇ, ನಾಯಿಯನ್ನು ಪಾಟಿಸವಾಲಿಗೆ ಒಳಪಡಿಸಲಾಗದು, ಮನುಷ್ಯನ ಸ್ವಾತಂತ್ರ್ಯ ಅದರ ಊಹೆಯ ಮೇಲೆ ನಿಲ್ಲಬಾರದು ಎಂಬ ಆಕ್ಷೇಪಗಳನ್ನು ಗಮನಿಸಿ, ಇಂಥ ಸಾಕ್ಷ್ಯಕ್ಕೆ ಹೆಚ್ಚು ತೂಕ ಕೊಡಲು ಹಿಂಜರಿಯಿತು. 2001ರ ಗದೆ ಲಕ್ಷ್ಮೀ ಮಂಗರಾಜು ಪ್ರಕರಣದಲ್ಲಿ ಇನ್ನಷ್ಟು ನೇರವಾಗಿ ಹೇಳಿತು: ನಾಯಿ ತಪ್ಪಬಹುದು, ನಾಯಿಯ ಒಡೆಯ ತಪ್ಪಬಹುದು, ನಾಯಿಯ ವರ್ತನೆಯನ್ನು ತಪ್ಪಾಗಿ ಓದಬಹುದು. ಫುಂಗ್ಸ್ಟ್ ಇದ್ದಿದ್ದರೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದನೇನೋ. ಅನುಮಾನ ಹುಟ್ಟಿಸುವ ಸುಳಿವಾಗಿ ನಾಯಿ ಸರಿ, ಶಿಕ್ಷೆಗೆ ಆಧಾರವಾಗಿ ಅಲ್ಲ ಎಂಬ ಈ ಗೆರೆ ಠಾಣೆಗಳಲ್ಲೂ ಪತ್ರಿಕೆಗಳಲ್ಲೂ ಆಗಾಗ ಅಳಿಸಿಹೋಗುತ್ತದೆ. ‘ಶ್ವಾನದಳ ಆರೋಪಿಯ ಮನೆ ಮುಂದೆ ನಿಂತಿತು’ ಎಂಬ ಒಂದು ಸಾಲು ಸಾಕು, ಊರು ತೀರ್ಪು ಕೊಟ್ಟಾಗಿರುತ್ತದೆ.

ಹಿಡಿದ ಕೈ ಬರೆದ ಮಾತು

ಹಾನ್ಸ್ ಪಾಠವನ್ನು ಮರೆತದ್ದರ ಅತಿ ನೋವಿನ ಪರಿಣಾಮ ಆದದ್ದು ಮಕ್ಕಳ ವಿಷಯದಲ್ಲಿ. 1990ರ ಸುಮಾರಿಗೆ ಅಮೆರಿಕದಲ್ಲಿ, ಮಾತು ಬಾರದ ಆಟಿಸಂ ಮಕ್ಕಳ ಕೈಯನ್ನು ಸಹಾಯಕರು ಹಿಡಿದುಕೊಂಡರೆ ಮಕ್ಕಳು ಕೀಲಿಮಣೆಯಲ್ಲಿ ವಾಕ್ಯ ಬರೆಯುತ್ತಾರೆ ಎಂಬ ವಿಧಾನ ಹಬ್ಬಿತು. ಹೆತ್ತವರು ಮೊದಲ ಬಾರಿ ‘ಅಮ್ಮಾ, ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಓದಿ ಅತ್ತರು. ಆಮೇಲೆ ಸರಳ ಪರೀಕ್ಷೆ ಬಂತು: ಸಹಾಯಕರಿಗೆ ಒಂದು ಚಿತ್ರ, ಮಗುವಿಗೆ ಇನ್ನೊಂದು. ಸಹಾಯಕರಿಗೆ ಬೀಗದಕೈ, ಮಗುವಿಗೆ ಬಟ್ಟಲು ತೋರಿಸಿದರೆ ಕೀಲಿಮಣೆಯಲ್ಲಿ ಮೂಡುತ್ತಿದ್ದುದು ಬೀಗದಕೈ. ಪರೀಕ್ಷೆ ಮೇಲೆ ಪರೀಕ್ಷೆಯಲ್ಲಿ ಇದೇ ಕಂಡಿತು. ಸಹಾಯಕರು ಮೋಸಗಾರರಾಗಿರಲಿಲ್ಲ; ಫಲಿತಾಂಶ ನೋಡಿ ಕೆಲವರು ಕುಸಿದರು. ಅಷ್ಟರಲ್ಲಿ ಇದೇ ವಿಧಾನದಿಂದ ‘ಬರೆದ’ ಸುಳ್ಳು ದೌರ್ಜನ್ಯದ ಆರೋಪಗಳಿಂದ ಕುಟುಂಬಗಳು ಮುರಿದಿದ್ದವು. ಈ ವಿಧಾನ ಬಳಸಬಾರದೆಂದು ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲೂ ಎಚ್ಚರಿಸಬೇಕಾಯಿತು. ಇಂಥವು ಹೊಸ ಹೆಸರಿನಲ್ಲಿ ಮತ್ತೆ ಮತ್ತೆ ಹುಟ್ಟುತ್ತವೆ.

ಯಂತ್ರವೂ ಕತ್ತು ನೋಡಿ ಕಲಿಯುತ್ತದೆ

ಈಗ ಕೃತಕ ಬುದ್ಧಿಮತ್ತೆಯ ವಿಷಯ. 2025ರ ಏಪ್ರಿಲಿನಲ್ಲಿ ಗೂಗಲ್ ಡಾಲ್ಫಿನ್‌ಜೆಮ್ಮಾ ಎಂಬ ಮಾದರಿಯನ್ನು, ಅಂದರೆ ರಾಶಿ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ವ್ಯವಸ್ಥೆಯನ್ನು, ಪ್ರಕಟಿಸಿತು. 1985ರಿಂದ ಬಹಾಮಾಸ್ ಕಡಲಿನಲ್ಲಿ ಚುಕ್ಕೆ ಡಾಲ್ಫಿನ್‌ಗಳ ಬೆನ್ನು ಹತ್ತಿರುವ ಸಂಶೋಧಕರ ಧ್ವನಿಮುದ್ರಣಗಳು ಅದಕ್ಕೆ ಆಹಾರ. ಚೀನಾದ ಬೈದು ಕಂಪನಿ ಪ್ರಾಣಿಗಳ ಸದ್ದು, ವರ್ತನೆ, ದೇಹದ ಸಂಕೇತಗಳನ್ನು ಸೇರಿಸಿ ಮನುಷ್ಯರ ಭಾಷೆಗೆ ತರುವ ವ್ಯವಸ್ಥೆಗೆ ಪೇಟೆಂಟ್ ಅರ್ಜಿ ಹಾಕಿದೆ. ಅರ್ಜಿ ಹಾಕಿದ್ದು ಸುದ್ದಿಯಾಗುವಾಗ ‘ಬೆಕ್ಕಿನ ಮಾತು ಇನ್ನು ಅರ್ಥವಾಗಲಿದೆ’ ಎಂದಾಯಿತು.

ಯಂತ್ರಕ್ಕೆ ಪಕ್ಷಪಾತವಿಲ್ಲ, ಹಾಗಾಗಿ ಹಾನ್ಸ್ ತೊಂದರೆ ಇಲ್ಲ ಎಂದುಕೊಂಡರೆ ಅದು ತಪ್ಪು. ಚಿತ್ರಗಳಲ್ಲಿ ಏನಿದೆ ಎಂದು ಗುರುತಿಸುವ ಒಂದು ಹಳೆಯ ಮಾದರಿಯನ್ನು ಜರ್ಮನಿಯ ಸಂಶೋಧಕರು 2019ರಲ್ಲಿ ಬಿಚ್ಚಿ ನೋಡಿದರು. ಅದು ಕುದುರೆಯ ಚಿತ್ರಗಳನ್ನು ಚೆನ್ನಾಗಿ ಗುರುತಿಸುತ್ತಿತ್ತು. ಹೇಗೆ? ತರಬೇತಿಗೆ ಕೊಟ್ಟ ಕುದುರೆ ಚಿತ್ರಗಳಲ್ಲಿ ಹಲವು ಒಬ್ಬನೇ ಛಾಯಾಗ್ರಾಹಕನವು. ಕೆಳಗಿನ ಮೂಲೆಯಲ್ಲಿ ಅವನ ಹಕ್ಕುಸ್ವಾಮ್ಯದ ಸಾಲು. ಯಂತ್ರ ಕುದುರೆಯನ್ನು ಬಿಟ್ಟು ಆ ಸಾಲನ್ನು ಓದುತ್ತಿತ್ತು. ಅದೇ ಸಾಲನ್ನು ಕಾರಿನ ಚಿತ್ರಕ್ಕೆ ಅಂಟಿಸಿದರೆ ಕಾರೂ ಕುದುರೆಯಾಯಿತು. ಸಂಶೋಧಕರು ಈ ರೋಗಕ್ಕೆ ಇಟ್ಟ ಹೆಸರಿನಲ್ಲೇ ಹಾನ್ಸ್ ಇದೆ. ಕೋವಿಡ್ ಕಾಲದಲ್ಲಿ ಎದೆಯ ಎಕ್ಸ್‌ರೇ ನೋಡಿ ಸೋಂಕು ಹೇಳುತ್ತಿದ್ದ ಕೆಲವು ಮಾದರಿಗಳು ಶ್ವಾಸಕೋಶಕ್ಕಿಂತ ಎಕ್ಸ್‌ರೇ ಅಂಚಿನ ಅಕ್ಷರಗಳಿಗೆ ಹೆಚ್ಚು ಗಮನ ಕೊಡುತ್ತಿದ್ದುದೂ ಬಯಲಾಯಿತು. ಬಹುಮಾನ ಸರಿಯುತ್ತರಕ್ಕೆ ಸಿಗುತ್ತದೆ, ಸರಿಯಾದ ಕಾರಣಕ್ಕಲ್ಲ. ಹಾಗಾಗಿ ಕುದುರೆಯಂತೆ ಯಂತ್ರವೂ ಅಗ್ಗದ ದಾರಿ ಹಿಡಿಯುತ್ತದೆ.

ಪ್ರಾಣಿಭಾಷೆಯ ಅನುವಾದದಲ್ಲಿ ಇದಕ್ಕಿಂತ ದೊಡ್ಡ ತೊಡಕಿದೆ. ಹಾನ್ಸ್ ಅಂಗಳದಲ್ಲಿ ಕೇಳುವವರಿಗೆ ಉತ್ತರ ಗೊತ್ತಿದ್ದದ್ದೇ ಸಮಸ್ಯೆ. ಡಾಲ್ಫಿನ್ ವಿಷಯದಲ್ಲಿ ಉತ್ತರ ಯಾರಿಗೂ ಗೊತ್ತಿಲ್ಲ. ಬೆಕ್ಕಿನ ಮಿಯಾಂವ್‌ಗೆ ಆಪ್ ‘ಬೇಜಾರಾಗಿದೆ’ ಎಂಬ ಅರ್ಥ ಕೊಟ್ಟರೆ, ಅದು ತಪ್ಪೆಂದು ಹೇಳುವವರು ಯಾರು? ಮನೆಯವರಿಗೆ ಒಪ್ಪಿತವಾದದ್ದೇ ಸರಿಯುತ್ತರವಾಗುತ್ತದೆ. ಆಗ ಆಪ್ ಕಲಿಯುವುದು ಬೆಕ್ಕನ್ನಲ್ಲ, ಮನೆಯವರನ್ನು.

ದಾರಿಯೇ ಇಲ್ಲ ಎಂದೇನಿಲ್ಲ. ತಾಳ್ಮೆ ಬೇಡುವ ಹಳೆಯ ದಾರಿ ಇದೆ. ಕೀನ್ಯಾದ ಅಂಬೊಸೆಲಿಯಲ್ಲಿ ಸೇಫರ್ತ್, ಚೀನಿ, ಮಾರ್ಲರ್ ಎಂಬ ಮೂವರು ಸಂಶೋಧಕರು ವರ್ವೆಟ್ ಮಂಗಗಳ ಎಚ್ಚರಿಕೆಯ ಕೂಗುಗಳನ್ನು ಮುದ್ರಿಸಿಕೊಂಡು, ಧ್ವನಿವರ್ಧಕ ಅಡಗಿಸಿಟ್ಟು ಮಂಗಗಳಿಗೇ ಕೇಳಿಸಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದ್ದು ಕಂಡಾಗಿನ ಕೂಗಿಗೆ ಮಂಗಗಳು ಆಕಾಶ ನೋಡಿದವು. ಹಾವು ಕಂಡಾಗಿನ ಕೂಗಿಗೆ ನೆಲ ನೋಡಿದವು. ಚಿರತೆ ಕಂಡಾಗಿನ ಕೂಗಿಗೆ ಮರ ಹತ್ತಿದವು. ಆ ಹೊತ್ತಿನಲ್ಲಿ ಅಲ್ಲಿ ಹದ್ದಿರಲಿಲ್ಲ, ಹಾವಿರಲಿಲ್ಲ, ಚಿರತೆ ಇರಲಿಲ್ಲ. ಹುಬ್ಬೇರಿಸಿ ಉತ್ತರ ಹೇಳಿಕೊಡುವ ಮೇಷ್ಟರೂ ಇರಲಿಲ್ಲ.